ಹಿಂಬದಿಗೆ ಬೆಸೆದ ಆಂಪ್ಲಿಫೈಯರಿನ ಅಹವಾಲು

ಹೆಡ್‌ಫೋನ್ ಆಂಪ್ಲಿಫೈಯರನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ಟಿಗೆ ಸೂಚನಾಪತ್ರ ಬರೆದು, ಕೆಳಗೆ ಹೆಸರು ಹಾಕದೆ ಮರೆಯಲ್ಲೇ ಉಳಿದ ಮಹನೀಯರಿಗೆ,

ಮಾನ್ಯರೇ,

‘ಸದ್ದು ಅಡಗಿದ ಮೇಲೆಯೇ ದನಿ ಹುಟ್ಟುವುದು’ ಎಂಬ ಸಾಲೊಂದನ್ನು ಎಂ.ಎ. ಓದುವ ಕಾಲದಲ್ಲಿ ಎಲ್ಲೋ ಕಂಡ ನೆನಪು. ‘ದನಿ’ ಎಂದಿತ್ತೋ ‘ಹಾಡು’ ಎಂದಿತ್ತೋ, ಅದು ಕವಿತೆಯ ಸಾಲೋ ಅಥವಾ ಗ್ರಂಥಾಲಯದಲ್ಲಿ ಮಾತಾಡುವವರ ಬಾಯಿ ಮುಚ್ಚಿಸಲು ಗೋಡೆಗೆ ಅಂಟಿಸಿದ್ದ ಚೀಟಿಯೋ, ಈಗ ಆಣೆ ಮಾಡಿ ಹೇಳಲಾರೆ. ಆದರೆ ಆ ಸಾಲು ಪೂರಾ ಸುಳ್ಳು ಎಂದು ಮಾತ್ರ ತಮ್ಮ ಕೃಪೆಯಿಂದ ಈಗ ಧೈರ್ಯವಾಗಿ ಹೇಳಬಲ್ಲೆ. ನಮ್ಮ ಮನೆಯಲ್ಲಿ ಸದ್ದು ಅಡಗಿತು. ಅದರ ಹಿಂದೆಯೇ ದನಿಯೂ ಅಡಗಿತು. ಹುಟ್ಟಿದ್ದು ತಮ್ಮ ಕಿಟ್ಟು ತರಿಸುವ ದುರ್ಬುದ್ಧಿಯೊಂದೇ.

ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥ ಮಾಡುವ ಮೊದಲು ಸಂದರ್ಭವನ್ನು ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯ. ನಮ್ಮ ಅಪ್ಪ ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಸಾರಿ ನಿವೃತ್ತರಾದವರು. ಊರಿಗೆಲ್ಲ ಕೇಳಿಸಿದ ಮನುಷ್ಯನಿಗೆ ಈಗ ತನ್ನ ಪಕ್ಕದ ಕುರ್ಚಿಯ ಮಾತೂ ಕೇಳಿಸುವುದಿಲ್ಲ. ಹೀಗಾಗಿ ಮಧ್ಯಾಹ್ನದ ಧಾರಾವಾಹಿಯನ್ನು ಅವರು ನೋಡುವಾಗ ಟೀವಿಯ ಮೇಲಿದ್ದ ಹೂದಾನಿ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು. ಗೋಡೆಯಾಚೆ ಒಬ್ಬ ನರ್ಸ್ ಇದ್ದಾಳೆ, ರಾತ್ರಿ ಪಾಳಿ ಮುಗಿಸಿ ಹಗಲಿಗೆ ಮಲಗುವವಳು. ಒಂದು ದಿನ ಕೆಂಪಡರಿದ ಕಣ್ಣು ಹೊತ್ತು ಬಾಗಿಲಿಗೆ ಬಂದು, “ಅಂಕಲ್, ಬೇಜಾರು ಮಾಡ್ಕೋಬೇಡಿ, ಒಂಚೂರು ಸೌಂಡ್ ಕಮ್ಮಿ ಮಾಡ್ತೀರಾ? ಕಣ್ಣು ಮುಚ್ಚಿದ್ರೆ ಆ ಅತ್ತೆ ನನ್ನನ್ನೇ ಬೈದ ಹಾಗಾಗುತ್ತೆ” ಎಂದಳು. ಕೇಳಿದ್ದು ತಪ್ಪಲ್ಲ, ಕೇಳಿದ ರೀತಿಯೂ ತಪ್ಪಲ್ಲ. ಆದರೆ ಅಪ್ಪ ಒಂಚೂರು ಕಮ್ಮಿ ಮಾಡುವ ಪೈಕಿಯವರಲ್ಲ. ಅಂದಿನಿಂದ ಟೀವಿಯ ಸದ್ದನ್ನು ಪೂರ್ತಿ ಕಿತ್ತುಹಾಕಿ, ಅಲುಗುವ ತುಟಿಗಳನ್ನು ನೋಡುತ್ತ ಕೂತರು.

ಮೊದಲು ಅವರು ಧಾರಾವಾಹಿಯ ಪಾತ್ರಗಳಿಗೆ ಬುದ್ಧಿ ಹೇಳುತ್ತಿದ್ದರು, ಸುಳ್ಳು ವಕೀಲನಿಗೆ ಉಗಿಯುತ್ತಿದ್ದರು, ಜಾಹೀರಾತು ಬಂದಾಗ ಉಳಿದ ಕೋಪವನ್ನು ನನ್ನ ಮೇಲೆ ತೀರಿಸುತ್ತಿದ್ದರು. ಈಗ ಊಟಕ್ಕೆ ಕರೆದರೆ ತಲೆಯಾಡಿಸುವುದು, ಔಷಧಿ ಕೊಟ್ಟರೆ ಕೈ ಚಾಚುವುದು, ಅಷ್ಟೇ. ಕಿವಿಗೆ ಯಂತ್ರ ಹಾಕಿಸೋಣವೆಂದರೆ, “ನಂಗೇನು ಕಿವುಡಾ? ಜನ ಪಿಸುಗುಟ್ಟೋದು ಜಾಸ್ತಿಯಾಗಿದೆ” ಎಂದು ಮುಖ ತಿರುಗಿಸಿದರು. ಟೀವಿಗೆ ಬರಿಯ ಹೆಡ್‌ಫೋನ್ ಸಿಕ್ಕಿಸಿಕೊಟ್ಟೆ. “ಇದರೊಳಗೆ ಇರುವೆಗಳು ಮಾತಾಡ್ತಿವೆ” ಎಂದು ತೆಗೆದಿಟ್ಟರು. ಅಂಗಡಿಯಿಂದ ತಂದದ್ದನ್ನು ಒಲ್ಲೆನೆನ್ನುವ ಅಪ್ಪ ಮಗಳು ಕೈಯಾರೆ ಮಾಡಿದ್ದನ್ನು ಒಲ್ಲೆನೆನ್ನಲಾರರು ಎಂಬ ಹಂಚಿಕೆ ನನಗೆ ಹೊಳೆದದ್ದು ಆಗ. ಬರಲಿರುವುದು ಆಂಪ್ಲಿಫೈಯರಲ್ಲ, ನಮ್ಮಪ್ಪನ ಬೈಗುಳ ಎಂದುಕೊಂಡೇ ತಮ್ಮ ಡಬ್ಬಿಯನ್ನು ತರಿಸಿದೆ.

ಡಬ್ಬಿಯ ಮೇಲೆ ‘ಒಂದು ಸಂಜೆಯ ವಿನೋದ’ ಎಂದು ತಾವು ಅಚ್ಚುಹಾಕಿಸಿದ್ದೀರಿ. ಯಾವ ಗ್ರಹದ ಸಂಜೆ ಎಂದು ಹೇಳದೆ ಬಿಟ್ಟದ್ದು ತಮ್ಮ ವಿನಯ. ಒಳಗಿನ ಪೊಟ್ಟಣಗಳನ್ನು ಊಟದ ಮೇಜಿನ ಮೇಲೆ ಸುರಿದುಕೊಂಡಾಗ ನನಗಾದ ಸಂತೋಷಕ್ಕೆ ಮಾತ್ರ ತಮಗೆ ಜೀವಮಾನವಿಡೀ ಋಣಿ. ಅಕ್ಕಿಕಾಳಿನಷ್ಟು ರೆಸಿಸ್ಟರುಗಳ ಮೈಮೇಲೆ ಬಣ್ಣದ ಉಂಗುರಗಳು, ಅವನ್ನು ಸಾಲಾಗಿ ಓದಿದರೆ ‘ಕಂದು, ಕಪ್ಪು, ಕಿತ್ತಳೆ’. ಎಂಥ ಅನುಪ್ರಾಸ! ಕೊನೆಗೊಂದು ಚಿನ್ನದ ಗೆರೆ ಬೇರೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಪ್ರತಿರೋಧ ತುಂಬಿದವರನ್ನು ನಾನು ಇತ್ತೀಚಿನ ಕವಿತೆಯಲ್ಲಿ ಕಂಡಿಲ್ಲ. ಪಶುವೈದ್ಯರಾದ ನನ್ನ ಯಜಮಾನರು ಕನ್ನಡಕ ಏರಿಸಿ ಇಣುಕಿ, “ಇದನ್ನ ನುಂಗಿದ ನಾಯಿ ಬಂದ್ರೆ ಮಾತ್ರ ನನ್ನನ್ನ ಕರಿ” ಎಂದು ಒಳಗೆ ಹೋದರು.

ಇನ್ನು ಆ ಹಸಿರು ಹಲಗೆ, ತಾವು ಬೋರ್ಡ್ ಎಂದು ಕರೆಯುವಂಥದ್ದು. ಅದರ ಒಂದು ಬದಿಯಲ್ಲಿ ಬಿಳಿಯ ಪುಟ್ಟ ಅಕ್ಷರಗಳು, ಅಂಕಿಗಳು, ಬಾಣಗಳು, ಅರ್ಧಚಂದ್ರಗಳು. ಇನ್ನೊಂದು ಬದಿ ಬೋಳು. ಬಿಡಿಭಾಗಗಳನ್ನು ಯಾವ ಬದಿಗೆ ಕೂರಿಸಬೇಕೆಂದು ತಮ್ಮ ಸೂಚನಾಪತ್ರದಲ್ಲಿ ಒಂದಕ್ಷರವಿಲ್ಲ, ಬೇಕಿದ್ದರೆ ತೆಗೆದು ನೋಡಿಕೊಳ್ಳುವುದು. ನಾನು ಓದುವ ಚಟದವಳು, ಮಾನ್ಯರೇ. ಓದಲೆಂದು ಬರೆದದ್ದನ್ನು ಮುಚ್ಚಿ ಅದರ ಮೇಲೆ ಸಾಮಾನು ಹೇರುವುದು ಪುಸ್ತಕದ ಮೇಲೆ ಬಿಸಿ ಪಾತ್ರೆ ಇಟ್ಟಷ್ಟೇ ಅಪಚಾರವೆಂದು ನಂಬಿ ಬೆಳೆದವಳು. ಇಷ್ಟು ಅಂದವಾಗಿ ಅಚ್ಚುಹಾಕಿದ ಪುಟ ಕಾಣುತ್ತಲೇ ಇರಲಿ ಎಂದು ಪ್ರತಿಯೊಂದು ಭಾಗವನ್ನೂ ಬೋಳು ಬದಿಗೆ ಕೂರಿಸಿದೆ, ಅಚ್ಚಿನ ಬದಿಗೆ ಬೆಸುಗೆ ಹಾಕಿದೆ. ಅಕ್ಷರಗಳ ನಡುವೆ ಮಿನುಗುವ ಬೆಳ್ಳಿಯ ಹನಿಗಳು ಪೂರ್ಣವಿರಾಮಗಳಂತೆ ಕಂಡವು. ಬೆರಳು ಸುಟ್ಟುಕೊಂಡ ಕಡೆ ಆಶ್ಚರ್ಯಸೂಚಕ ಚಿಹ್ನೆಗಳೂ ಬಿದ್ದವು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ತಾವು ನಗಬಹುದು. ಆದರೆ ತಾವು ಕೊಟ್ಟ ನೆಲಕ್ಕೆ ಎರಡು ಬದಿಯಿತ್ತು ಎಂಬುದನ್ನು ವಿನಯಪೂರ್ವಕವಾಗಿ ಗಮನಕ್ಕೆ ತರುತ್ತೇನೆ.

ಬ್ಯಾಟರಿ ಸಿಕ್ಕಿಸಿದೆ. ಹಾಡೂ ಇಲ್ಲ, ಮಾತೂ ಇಲ್ಲ. ಜೇಡದಂತೆ ಎಂಟು ಕಾಲಿನ ಕಪ್ಪು ಚಿಪ್ಪು, ತಾವು ಐ.ಸಿ. ಎನ್ನುವಂಥದ್ದು, ಮಾತ್ರ ಬಿಸಿಯೇರಿ, ಇಸ್ತ್ರಿಪೆಟ್ಟಿಗೆಯ ವಾಸನೆ ಬಂತು. ಬ್ಯಾಟರಿ ಕಿತ್ತು ಡಬ್ಬಿಯ ಮೇಲಿನ ಚಿತ್ರವನ್ನು ನೋಡಿದಾಗ, ಅದರಲ್ಲಿ ಅಕ್ಷರಗಳೆಲ್ಲ ಸಾಮಾನುಗಳ ಅಡಿಯಲ್ಲಿ ಅಡಗಿರುವುದು ಕಾಣಿಸಿತು. ಅಪ್ಪ ಅಲ್ಲೇ ಕುರ್ಚಿಯಲ್ಲಿ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು, ಸಲೂನಿನಲ್ಲಿ ಸರದಿ ಕಾಯುವವರಂತೆ ಕೂತಿದ್ದರು. “ಆಯ್ತಾ?” ಎಂದು ಕೇಳಲೂ ಇಲ್ಲ. ಕೇಳಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಎತ್ತಿದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿಕೊಂಡು, “ಮೇಡಂ, ಎಲ್ಲಾನೂ ಹಿಂದಿನ ಕಡೆಗೆ ಹಾಕಿದೀರಾ? ಯಾಕೆ?” ಎಂದಳು. “ಓದೋಕೆ” ಎಂದೆ. ಅವಳು “ಒಂದ್ನಿಮಿಷ ಮೇಡಂ” ಎಂದು ಫೋನನ್ನು ಅಂಗೈಯಿಂದ ಮುಚ್ಚಿ, “ಲೇ, ಬನ್ರೋ ಇಲ್ಲಿ, ಓದೋಕಂತೆ!” ಎಂದು ಇಡೀ ವಿಭಾಗವನ್ನು ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ತಮ್ಮ ಕಚೇರಿಯ ಫೋನುಗಳಿಗೆ ಆಂಪ್ಲಿಫೈಯರಿನ ಅಗತ್ಯ ಎಳ್ಳಷ್ಟೂ ಇಲ್ಲ, ಅಭಿನಂದನೆಗಳು. ಆದರೆ ನಕ್ಕು ಮುಗಿಸಿದ ಮೇಲೆ ಅದೇ ಹುಡುಗಿ ದಾರಿಯನ್ನೂ ತೋರಿಸಿದಳು: ಬದಿ ಬದಲಾದದ್ದರಿಂದ ಚಿಪ್ಪಿನ ಎಡಗಾಲು ಬಲಗಾಲುಗಳು ಅದಲುಬದಲಾಗಿವೆ, ಕಾಲುಗಳನ್ನು ಮೆಲ್ಲಗೆ ಬೆನ್ನಿನ ಕಡೆಗೆ ಬಗ್ಗಿಸಿ, ಅದನ್ನು ಅಂಗಾತ ಮಲಗಿಸಿ ಮತ್ತೆ ಸಿಕ್ಕಿಸಿ, ಸುಟ್ಟಿರದಿದ್ದರೆ ಬದುಕುತ್ತದೆ. ಹಾಗೆಯೇ ಮಾಡಿದೆ. ಯಜಮಾನರು ಬಂದು ನೋಡಿ, “ನಮ್ಮ ಆಸ್ಪತ್ರೇಲಿ ಯಾರಾದ್ರೂ ಹೀಗೆ ಮಲಗಿದ್ರೆ ನಾನು ಮನೆಯವರಿಗೆ ಸಮಾಧಾನ ಹೇಳ್ತೀನಿ ಕಣೇ” ಎಂದರು.

ಬದುಕಿತು, ಮಾನ್ಯರೇ! ಹೆಡ್‌ಫೋನ್ ಕಿವಿಗಿಟ್ಟು ಟೀವಿಗೆ ಸಿಕ್ಕಿಸಿದರೆ ಧಾರಾವಾಹಿಯ ಹೆಂಗಸೊಬ್ಬಳು ಬಿಕ್ಕುವುದು, ಬಳೆ ಸದ್ದು, ಅವಳ ಆಚೆ ಕೋಣೆಯ ಗಡಿಯಾರ, ಎಲ್ಲವೂ ಕಡೆದಿಟ್ಟಂತೆ ಕೇಳಿಸಿತು. ನಾನು ಅಡುಗೆಮನೆಯವರೆಗೆ ಓಡಿಹೋಗಿ, ಅಲ್ಲೇನೂ ಕೆಲಸವಿಲ್ಲವೆಂದು ನೆನಪಾಗಿ, ಮತ್ತೆ ಓಡಿಬಂದೆ. ಆದರೆ ಆ ವೇಳೆಗೆ ಇನ್ನೊಂದು ಎಡವಟ್ಟು ಕೈಗೆ ಸಿಕ್ಕಿತು. ವಾಲ್ಯೂಮಿನ ಗುಂಡಿಯೂ ಹಿಂಬದಿಗೆ ಕೂತಿದ್ದರಿಂದ ಅದು ತಿರುಗಾಮುರುಗಾ ಆಗಿತ್ತು. ಬಲಕ್ಕೆ ತಿರುಗಿಸಿದರೆ ಸದ್ದು ತಗ್ಗುತ್ತದೆ, ಎಡಕ್ಕೆ ತಿರುಗಿಸಿದರೆ ಏರುತ್ತದೆ. ಅದನ್ನು ಸರಿಪಡಿಸಬೇಕೆಂದರೆ ಇಡೀ ಪುಟವನ್ನೇ ಕಿತ್ತು ಬರೆಯಬೇಕು. ಇದನ್ನು ಹೇಗೆ ವಿವರಿಸಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅಪ್ಪ ಹೆಡ್‌ಫೋನನ್ನು ಕಿವಿಗೇರಿಸಿ, ಕೈ ಚಾಚಿ ಆಂಪ್ಲಿಫೈಯರನ್ನು ತೊಡೆಯ ಮೇಲೆಳೆದುಕೊಂಡರು. “ಪಾಪ, ಪಕ್ಕದ ಮನೆ ಮಗು ಪಾಳಿ ಮುಗಿಸಿ ಮಲಗಿರುತ್ತೆ” ಎಂದು ತಮಗೆ ತಾವೇ ಹೇಳಿಕೊಂಡು, ಹಳೆಯ ರೇಡಿಯೋ ಕಾಲದ ಅಭ್ಯಾಸದಂತೆ ಗುಂಡಿಯನ್ನು ಎಡಕ್ಕೆ, ತಗ್ಗಿಸುವ ಕಡೆಗೆ, ಮೆಲ್ಲಗೆ ತಿರುಗಿಸಿದರು. ಅವರ ಹುಬ್ಬು ಮೇಲೆದ್ದಿತು. ಇನ್ನಷ್ಟು ತಗ್ಗಿಸಿದರು. ಮುಖದ ತುಂಬ ಬೆಳಕು.

“ನೋಡು, ಕಮ್ಮಿ ಮಾಡಿದಷ್ಟೂ ಚೆನ್ನಾಗಿ ಕೇಳಿಸ್ತದೆ!” ಎಂದರು. “ಇದಪ್ಪ ಮರ್ಯಾದಸ್ಥ ಯಂತ್ರ ಅಂದ್ರೆ. ಬೇರೆಯವರು ಮಾಡಿದ್ದು ಕಿರಿಚ್ಕೊಂಡ್ರೇನೇ ಕೇಳಿಸೋದು.”

ಪಕ್ಕದ ಮನೆಯವರ ನಿದ್ದೆಗಾಗಿ ಅವರು ಎಷ್ಟು ತಗ್ಗುತ್ತಾರೋ ಅಷ್ಟು ಹೆಚ್ಚು ಅವರಿಗೆ ದಕ್ಕುವಂಥ ವ್ಯವಸ್ಥೆಯನ್ನು ನಾನು ಬದುಕಿನಲ್ಲಿ ಮತ್ತೆಲ್ಲೂ ಕಂಡಿಲ್ಲ. ಅದನ್ನು ತಾಂತ್ರಿಕ ದೋಷವೆಂದು ಕರೆಯಲು ನಾಲಗೆ ಏಳುವುದಾದರೂ ಹೇಗೆ? ಆ ಸಂಜೆ ಊಟಕ್ಕೆ ಕೂತ ಅಪ್ಪ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನನ್ನು ಬೈದರು. ಎಷ್ಟೋ ದಿನಗಳ ಮೇಲೆ ಬಂದ ಬೈಗುಳ, ಎರಡನೇ ಸಲ ಬಡಿಸಿಕೊಂಡೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸರಳ. ಮುಂದಿನ ಮುದ್ರಣದಲ್ಲಿ ಯಾವ ಬದಿ ಎಂದು ದಯವಿಟ್ಟು ಬರೆಯಬೇಡಿ, ನನ್ನಂಥವರಿಗೆ ಅವಕಾಶ ತಪ್ಪೀತು. ಬದಲಿಗೆ ಆ ಬೋಳು ಬದಿಗೂ ಏನಾದರೂ ಅಚ್ಚುಹಾಕಿಸಿ, ಒಂದು ತ್ರಿಪದಿಯಾದರೂ ಸಾಕು, ಆಗ ಓದುವವರು ಬಿಡಿಭಾಗಗಳನ್ನು ಎಲ್ಲೂ ಕೂರಿಸಲಾಗದೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಗೌರವಿಸುತ್ತಾರೆ. ಈ ಹಿಮ್ಮುಖ ಗುಂಡಿಯನ್ನು ಸಭೆಗಳಲ್ಲಿ ಭಾಷಣ ಮಾಡುವವರ ಮೈಕುಗಳಿಗೆ ಅಳವಡಿಸಿದರೆ ಕಿರುಚಿದವರು ಕೇಳಿಸದೆ, ಮೆತ್ತಗೆ ಮಾತಾಡುವವರು ಗೆಲ್ಲುತ್ತಾರೆ. ಅದಕ್ಕೆ ಬೇಕಾದ ಕಾನೂನನ್ನೂ ತಾವೇ ಮಾಡಿಸಿಬಿಡಿ. ಆ ಸಹಾಯವಾಣಿಯ ಹುಡುಗಿಗೆ ಬಡ್ತಿ ಕೊಡಿ, ಆದರೆ ಫೋನು ಮುಚ್ಚುವುದು ಹೇಗೆಂದು ಮಾತ್ರ ಕಲಿಸಬೇಡಿ. ಮತ್ತು ಸಾಧ್ಯವಾದರೆ, ಅಪ್ಪಂದಿರ ಕಿವಿಗಳಿಗೂ ಇಂಥದೊಂದು ಕಿಟ್ಟು ಹೊರತನ್ನಿ. ಎಷ್ಟು ಸಂಜೆಗಳು ಹಿಡಿದರೂ ನಾನು ಕೂರುತ್ತೇನೆ.

ಬೆರಳಿಗೆ ಮುಲಾಮು ಹಚ್ಚಿಕೊಂಡೂ ಬೆಸುಗೆ ಕಡ್ಡಿಯನ್ನು ಬಿಡದೆ ಹಿಡಿದಿರುವ,
ತಮ್ಮ ವಿಶ್ವಾಸಿ,
ಬೋರ್ಡನ್ನು ಓದಿದವಳು

ಇದೂ ಒಂದು ಮಾತು: ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ ಎಂಬ ಎಚ್ಚರಿಕೆಯನ್ನೂ ತಾವು ಸೂಚನಾಪತ್ರದಲ್ಲಿ ಮುದ್ರಿಸಿಲ್ಲ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ನರ್ಸ್, ಕೆದರಿದ ತಲೆ, ಹೆಗಲ ಮೇಲೆ ಹೊದಿಕೆ. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: “ಅಕ್ಕಾ, ಟೀವಿ ಒಂಚೂರೂ ಕೇಳಿಸ್ತಿಲ್ಲ, ಥ್ಯಾಂಕ್ಸ್. ಆದ್ರೆ ಅಂಕಲ್ ಆಗಿಂದ ‘ಸಹಿ ಹಾಕ್ಬೇಡಮ್ಮಾ, ಆ ಕಾಗದಕ್ಕೆ ಸಹಿ ಹಾಕ್ಬೇಡ’ ಅಂತ ಕೂಗ್ತಾನೇ ಇದಾರೆ, ಆಮೇಲೆ ಇದ್ದಕ್ಕಿದ್ದ ಹಾಗೆ ಸುಮ್ನಾಗ್ಬಿಟ್ರು. ಕೊನೆಗೆ ಅವಳು ಹಾಕಿದ್ಲಾ, ಇಲ್ವಾ? ಅದೊಂದು ಹೇಳ್ಬಿಡಿ, ಹೋಗಿ ಮಲಗ್ತೀನಿ.”