ಕೋಳಿಮರಿಗೊಂದು ಕಾಲರು

"ಸಾವಿರ ಕಾಲರು ನಿಲ್ಲಿಸಿದ ಕೈ ಇದು. ಇಷ್ಟುದ್ದದ ಕತ್ತು ನಿಲ್ಲಿಸೋಕೆ ಆಗಲ್ವಾ?" ಎಂದು ಟೈಲರು ಟೇಪನ್ನು ಹೆಗಲಿಗೆ ಏರಿಸಿದ.

ಅವನ ಹೆಂಡತಿಯ ಮಡಿಲಲ್ಲಿದ್ದ ಕೋಳಿಮರಿ ಕತ್ತು ಹಿಂದಕ್ಕೆ ಹೊರಳಿಸಿಕೊಂಡು ಮಾಡಿನ ತೊಲೆ ಎಣಿಸುವಂತೆ ನೋಡುತ್ತಿತ್ತು. ಕಾಳು ಕಾಲಡಿ, ಕೊಕ್ಕು ಆಕಾಶಕ್ಕೆ. ಅವಳು ಕೈಯಾರೆ ಸಾಕಿದ ಹೇಂಟೆಯನ್ನು ಬೆಕ್ಕು ಹೊತ್ತುಕೊಂಡು ಹೋದ ಮೇಲೆ ಉಳಿದದ್ದು ಇದೊಂದೇ. ದನದ ಡಾಕ್ಟರು ಔಷಧಿಯ ಹನಿ ಕೊಟ್ಟು, ಕತ್ತಿಗೆ ಮೆತ್ತಗೆ ಆಸರೆ ಕೊಡಿ, ಕೈಯಲ್ಲೇ ತಿನ್ನಿಸಿ, ಗಂಟಲಿಗೆ ನೀರು ಇಳಿಯದಿದ್ದರೆ ಮರಿ ಉಳಿಯೋದಿಲ್ಲ ಎಂದಿದ್ದರು. ಆಸರೆ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರು ಅದನ್ನು ಕಾಲರು ಅಂತ ಅರ್ಥ ಮಾಡಿಕೊಂಡ.

ಮದುವೆ ಗಂಡಿನ ಕೋಟಿಗೂ ಅವನು ಅಷ್ಟು ಅಳತೆ ತೆಗೆದಿರಲಿಕ್ಕಿಲ್ಲ. ಒಳಗೆ ಕ್ಯಾನ್ವಾಸು, ಹೊರಗೆ ಬಿಳಿ ಬಟ್ಟೆ, ಹಿಂದೆ ಗುಂಡಿ. ತೊಡಿಸಿದರೆ ಮರಿ ಥೇಟ್ ವಕೀಲರ ಹಾಗೆ ಕಂಡಿತು. ಕತ್ತೂ ನೆಟ್ಟಗೆ ನಿಂತಿತು. ಟೈಲರು ತನ್ನ ಕಾಲರನ್ನೂ ಒಮ್ಮೆ ಮೇಲೆತ್ತಿಕೊಂಡ.

ವಕೀಲರು ಎರಡು ಹೆಜ್ಜೆ ಇಟ್ಟರು. ಕಾಲರು ಸರ್ರನೆ ಮೇಲಕ್ಕೆ ಸರಿದು ಕಣ್ಣು ಕೊಕ್ಕು ಎಲ್ಲ ಮುಚ್ಚಿತು. ದಿಕ್ಕು ತೋಚದ ಮರಿ ಮುಗ್ಗರಿಸಿ ನೀರಿನ ತಟ್ಟೆಗೆ ಬಿತ್ತು. ಎತ್ತುವಷ್ಟರಲ್ಲಿ ಅಲ್ಲಾಡದೆ ತಣ್ಣಗಾಗಿತ್ತು. ಹೆಂಡತಿ ಅದನ್ನು ಒರೆಸಿ, ಎದೆಗೊತ್ತಿಕೊಂಡು, ಬಿಸಿಯುಸಿರು ಊದಿದಳು. ಬಹಳ ಹೊತ್ತಿನ ಮೇಲೆ ಕೀಚ್ ಎಂದು ಒಂದು ಸಣ್ಣ ದನಿ ಕೇಳಿಸಿತು.

"ಇಷ್ಟು ಸಡಿಲ ಯಾಕೆ ಹೊಲಿದ್ರಿ?"

ಟೈಲರು ನೆಲ ನೋಡಿದ. "ಬೆಳೆಯೋ ಮಗು ಅಲ್ವಾ. ಒಂದು ಬೆರಳು ಜಾಸ್ತಿ ಬಿಟ್ಟೆ."

ಬೀದಿಯ ಮಕ್ಕಳಿಗೆಲ್ಲ ಹಾಗೇ ಬಿಟ್ಟು ಹೊಲಿದ ಕೈ ಅದು. ಸ್ವಂತ ಮನೆಯೊಳಗೆ ಮಾತ್ರ ಬೆಳೆಯೋರಿಗೆ ಅಂತ ಬಟ್ಟೆ ಬಿಡುವ ಯೋಗ ಯಾವತ್ತೂ ಬಂದಿರಲಿಲ್ಲ. ಬಯ್ಯಲು ಹೊರಟವಳು ಕಾಲರನ್ನು ಮಡಚಿ ಪಕ್ಕಕ್ಕಿಟ್ಟಳು. ಹಳೇ ಬನಿಯನ್ನಿನ ಚೂರು ಸುತ್ತಿ ತಾನೇ ಮರಿಯ ಕತ್ತಿಗೆ ಆಸರೆ ಕಟ್ಟಿದಳು.

ಅಲ್ಲಿಂದಾಚೆ ಟೈಲರು ಕಾಲರಿನ ಮಾತೆತ್ತಲಿಲ್ಲ. ಮರಿಯ ಡಬ್ಬಿಯನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡು, ಬಗ್ಗಿ ಬಗ್ಗಿ ನೆನೆಸಿದ ನುಚ್ಚು ತಿನ್ನಿಸಿದ, ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ನೀರು ಬಿಟ್ಟ. ಅಂಗಿ ಕೇಳಲು ಬಂದವರಿಗೆ, ಮಗು ಊಟ ಮಾಡ್ತಿದೆ, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದ. ಕೊನೆಗೊಂದು ಬೆಳಿಗ್ಗೆ ಮರಿ ತಾನಾಗಿ ಕತ್ತು ಬಗ್ಗಿಸಿ ನೆಲದ ಕಾಳು ಕುಕ್ಕಿತು.

ಹೆಂಡತಿಯನ್ನು ಕೂಗೋಣವೆಂದು ಟೈಲರು ಗಕ್ಕನೆ ತಿರುಗಿದ. ತಿರುಗಿದ ಕತ್ತು ಮರಳಿ ಬರಲಿಲ್ಲ. ಗಲ್ಲ ಹೆಗಲಿಗೆ, ಕಣ್ಣು ಮಾಡಿಗೆ. ಮರಿಯ ಉಪಚಾರ ನಿಜಕ್ಕೂ ಕುತ್ತಿಗೆಗೇ ಬಂದಿತ್ತು.

ಓಡಿ ಬಂದ ಹೆಂಡತಿ ಮೊದಲು ಮರಿಯನ್ನು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಟೇಪು ತಂದು ಗಂಡನ ಕತ್ತು ಅಳೆದಳು. ಉಳಿದಿದ್ದ ಕ್ಯಾನ್ವಾಸಿಗೆ ಬಟ್ಟೆ ಸುತ್ತಿ ಹೊಲಿದು, ತೊಡಿಸಿ, ಹಿಂದೆ ಗುಂಡಿ ಹಾಕಿದಳು.

"ಬಿಗಿ ಆಯ್ತು ಕಣೇ" ಎಂದು ಅವನು ನರಳಿದ.

"ಇರಲಿ ಬಿಡಿ. ನೀವೇನು ಬೆಳೆಯೋ ಮಗುನಾ?"