ರಿಪೇರಿಯಲ್ಲಿದ್ದ ಪಾಪನಿವೇದನೆ

ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ನನ್ನಷ್ಟು ಕಟ್ಟುನಿಟ್ಟಾಗಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಆಚರಿಸೋ ಕ್ರೈಸ್ತ ಇನ್ನೊಬ್ಬನಿಲ್ಲ. ನಲವತ್ತು ದಿನ ಬರೀ ಗಂಜಿ. ಸುಳ್ಳು ಬಿಡ್ರಿ. ಮೊದಲ ಶುಕ್ರವಾರವೇ ಮೊಟ್ಟೆ ಮಾಂಸ ಅಲ್ಲ ಅಂತ ಹೆಂಡತಿ ಹತ್ರ ವಾದ ಮಾಡಿ ಎರಡು ಆಮ್ಲೆಟ್ ತಿಂದೋನು ನಾನು. ಒಳ್ಳೆಯವನಾಗ್ಬೇಕು ಅಂತ ಹೊರಟಾಗಲೇ ನನಗೆ ಇಂಥವೆಲ್ಲ ಗಂಟು ಬೀಳೋದು.

೧. ಕಪ್ಪು ವಿಭೂತಿ

ಈ ಸಲ ವಿಭೂತಿ ಬುಧವಾರ ಫಾದರ್ ನನ್ನ ಹಣೆಗೆ ಬೂದಿಯಲ್ಲಿ ಶಿಲುಬೆ ಇಟ್ಟರು. ಹಾಗೇ ಪಕ್ಕದ ಕಿರಾಣಿ ಅಂಗಡಿಗೆ ಹೋದೆ. ಯಜಮಾನರು ಮಠದ ಭಕ್ತರು, ಹಣೆ ತುಂಬ ಮೂರು ಪಟ್ಟೆ.

“ಏನಪ್ಪ, ಬಂದೇಬಿಟ್ಯಾ ನಮ್ಮ ದಾರಿಗೆ?”

“ಇಲ್ಲ ಯಜಮಾನ್ರೇ, ಇದು ಚರ್ಚಿಂದು. ಮಾಡಿದ ಪಾಪ ನೆನೆಸ್ಕಂಡು ಮರುಗೋಕೆ.”

ಅವರು ನನ್ನನ್ನ ಇಪ್ಪತ್ತು ವರ್ಷದಿಂದ ಬಲ್ಲರು. ಗಲ್ಲಾದಿಂದ ಒಂದು ವಿಭೂತಿ ಗಟ್ಟಿ ತೆಗೆದು ಕೊಟ್ಟು ಅಂದರು: “ತಗ, ಇದನ್ನೂ ಬಳ್ಕ. ನಿನಗೆ ಅಷ್ಟರಾಗೆ ಸಾಲಾದಿಲ್ಲ.”

೨. ಬೋರ್ಡು

“ಶನಿವಾರ ಫಾದರ್ ಕಿವೀಲಿ ಪಾಪ ಹೇಳ್ಕಂಡು ಪಾಪನಿವೇದನೆ ಮಾಡ್ದೆ ಮನೆಗೆ ಬರಬ್ಯಾಡ್ರಿ” ಅಂದಳು ಹೆಂಡತಿ. ಹೋದೆ. ಫಾದರ್ ಇನ್ನೂ ಬಂದಿರಲಿಲ್ಲ. ಚರ್ಚಿನ ಬಾಗಿಲ ಹಿಂದೆ, ನೀರಿನ ಟ್ಯಾಂಕಿಗೆ ಹಿಂದೊಮ್ಮೆ ಕಟ್ಟಿದ್ದ ಬೋರ್ಡು ಕಂಡಿತು: ‘ರಿಪೇರಿಯಲ್ಲಿದೆ’. ಕೈ ಸುಮ್ಮನಿರಬೇಕಲ್ಲ! ಫಾದರ್ ಬಂದು ಪಾಪನಿವೇದನೆಯ ಗೂಡಿನೊಳಗೆ ಕೂತ ಮೇಲೆ ಹೊರಗಡೆ ಅದನ್ನ ನೇತುಹಾಕಿದೆ.

ಜನ ಬಂದರು, ಓದಿದರು, ಹೋದರು. ಒಬ್ಬ ಅಜ್ಜಿ ಗೂಡಿಗೆ ಕೈ ಮುಗಿದು, “ಹೊಸದು ಮಾಡಿಸ್ಲಿ ಬಿಡ್ರಿ, ಹಳೇದಾಗಿತ್ತು” ಅಂತ ನನ್ನ ಕಿವೀಲಿ ಅಂದಳು. ಫಾದರ್ ಎರಡು ಗಂಟೆ ಒಬ್ಬರೇ ಕೂತಿದ್ದರು. ಅವರು ಏಳೋ ಸದ್ದು ಕೇಳಿ ಬೋರ್ಡು ಕಿತ್ಕಂಡು ಓಡಿದೆ.

ಭಾನುವಾರ ಮುಕ್ಕಾಲು ಗಂಟೆ ಹಿಡಿಯೋ ಅವರ ಪ್ರಸಂಗ, ಅಂದ್ರೆ ಉಪದೇಶ, ಐದೇ ನಿಮಿಷಕ್ಕೆ ಮುಗೀತು. ಜನಕ್ಕೆ ಹಬ್ಬ. ಆದರೆ ಗೇಟಿನ ಹತ್ರ ಅವರು ನನ್ನ ಕೈ ಹಿಡಿದರು. ಮಂಗಳೂರು ಕಡೆಯವರು, ಬಾಯಿ ತುಂಬ ಮಾರಾಯ.

“ನಿನ್ನೆ ಒಬ್ಬರೂ ಬರಲಿಲ್ಲ ಮಾರಾಯ. ಜನರಿಗೆ ನಾನು ಬೇಡವಾದೆ. ಈಸ್ಟರ್ ಆದ ಮೇಲೆ ಬಿಷಪ್ಪರಿಗೆ ಬರೆದು ಬೇರೆ ಊರಿಗೆ ಹೋಗುತ್ತೇನೆ.”

ಅಂಥ ಸಾಧು ಮನುಷ್ಯ! ಬೇರೆ ಯಾರಾದ್ರೂ ಬೋರ್ಡಿನ ವಿಷಯ ಹೇಳ್ತಾರೆ ಅಂತ ವಾರಗಟ್ಟಲೆ ಕಾದೆ. ಯಾರೂ ಉಸಿರೆತ್ತಲಿಲ್ಲ. ಪಾಪ ಹೇಳ್ಕಳ್ಳೋದು ತಪ್ಪಿದ ಖುಷಿ ಎಲ್ಲರಿಗೂ. ಕೆದಕಿದ್ರೆ ರಿಪೇರಿ ಆಗಿಬಿಡುತ್ತಲ್ಲ!

೩. ಹಿರಿಯೂರಿನ ಕಿಟಕಿ

ನಿದ್ದೆ ಹೋಯ್ತು, ಊಟ ಸೇರದಂಗಾಯ್ತು. ಹೇಳಿದ್ರೆ ಮಾನ ಹೋಗುತ್ತೆ, ಹೇಳದಿದ್ರೆ ಫಾದರ್ ಹೋಗ್ತಾರೆ. ಕೊನೆಗೆ ಒಂದು ಉಪಾಯ ಹೊಳೀತು. ಪರಿಚಯ ಇಲ್ಲದ ಗುರುಗಳ ಹತ್ರ ಹೇಳಿ, ನಮ್ಮ ಫಾದರಿಗೆ ಹೆಂಗೆ ತಿಳಿಸೋದು ಅಂತ ಅವರನ್ನೇ ಕೇಳಾಣ ಅಂತ ಹಿರಿಯೂರು ಬಸ್ ಹತ್ತಿದೆ.

ಸಾಲಿನಲ್ಲಿ ನಿಂತು, ಮಂಡಿಯೂರಿ, ಕಿಟಕಿಯ ಜಾಲರಿಗೆ ಬಾಯಿಟ್ಟು ಎಲ್ಲ ಕಕ್ಕಿದೆ. “ನಮ್ಮೂರ ಫಾದರ್ ದೇವರಂಥೋರು. ಪ್ರಸಂಗ ಒಂದೇ ಸ್ವಲ್ಪ... ರಾಮಗಿರಿ ಸ್ಟೇಷನ್‌ನಾಗೆ ಸಿಗ್ನಲ್ ಇಲ್ದೆ ರೈಲು ನಿಂತಂಗೆ. ಇಳಿಯಂಗೂ ಇಲ್ಲ, ಮುಂದಕ್ಕೂ ಹೋಗಲ್ಲ.”

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಮೆಲ್ಲಗೆ:

“ಅಷ್ಟು ಉದ್ದ ಆಗುತ್ತದಾ ಮಾರಾಯ?”

ನಮ್ಮ ಫಾದರೇ! ಇಲ್ಲಿಗೆ ಹೆಂಗೆ ಬಂದ್ರು ಅಂತ ಹಿಂದೆ ಸಾಲಿನಲ್ಲಿದ್ದವರನ್ನ ಆಮೇಲೆ ಕೇಳಿದೆ. ತಪಸ್ಸು ಕಾಲದಲ್ಲಿ ಜನ ಸಂಕೋಚವಿಲ್ದೆ ಹೇಳ್ಕಳ್ಲಿ ಅಂತ ಫಾದರುಗಳು ಒಂದು ದಿನ ಊರು ಬದಲಾಯಿಸ್ತಾರಂತೆ. ನಮ್ಮೂರಲ್ಲಿ ಆವತ್ತು ಕೂತಿದ್ದು ಹಿರಿಯೂರಿನ ಫಾದರ್. ಪರಿಚಯ ಇಲ್ಲದ ಗುರುಗಳು ನಮ್ಮ ಮನೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿದ್ದರು!

೪. ಪ್ರಾಯಶ್ಚಿತ್ತ

“ಹಾಗಾದರೆ ಜನರಿಗೆ ನನ್ನ ಮೇಲೆ ಸಿಟ್ಟಿಲ್ಲವಾ?” ನಾನಿನ್ನೂ ಮಂಡಿಯೂರಿ ಇದ್ದಾಗಲೇ ಕೇಳಿದರು ಫಾದರ್.

“ಇಲ್ಲ ಫಾದರ್. ಬೋರ್ಡಿಗೆ ಮರ್ಯಾದೆ ಕೊಟ್ರು, ಅಷ್ಟೇ.”

ಜಾಲರಿಯ ಆ ಕಡೆ ನಕ್ಕರೋ, ಅತ್ತರೋ, ಮೂಗು ಸೀಟಿದ ಸದ್ದು ಮಾತ್ರ ಬಂತು. “ಪತ್ರ ಬರೆಯುವುದಿಲ್ಲ. ನಿನ್ನನ್ನು ಕ್ಷಮಿಸಿದೆ. ಪ್ರಾಯಶ್ಚಿತ್ತವಾಗಿ ಇನ್ನು ಮೇಲೆ ಮೊದಲ ಬೆಂಚಿನಲ್ಲಿ ಕೂರಬೇಕು. ಪ್ರಸಂಗ ಹತ್ತು ನಿಮಿಷ ದಾಟಿದರೆ ಕೆಮ್ಮಬೇಕು. ನಾನು ನಿಲ್ಲಿಸುತ್ತೇನೆ.”

ಎರಡು ವಾರ ಗಡಿಯಾರ ನೋಡ್ಕಂಡು ಕೆಮ್ಮಿದೆ. ಅವರೂ ಮಾತಿಗೆ ತಪ್ಪಲಿಲ್ಲ. ಈಸ್ಟರ್ ಬಂತು, ಚರ್ಚು ತುಂಬಿ ತುಳುಕ್ತಿತ್ತು. ನನಗೆ ಹಿಂದಿನ ದಿನವೇ ನೆಗಡಿ. ಕರ್ಚೀಫು ಬಾಯಿಗೆ ತುರುಕಿ ಕೂತೆ. ಫಾದರ್ ಉತ್ಸಾಹದಿಂದ ಶುರು ಮಾಡಿದರು: “ಸಮಾಧಿ ಬರಿದಾಗಿತ್ತು. ಮರಿಯಳು ಅಳುತ್ತಿದ್ದಳು. ಆಗ ಯೇಸು ಆಕೆಯ ಕಡೆ ತಿರುಗಿ ಹೇಳಿದ್ದೇನೆಂದರೆ...”

ತಡೀಲಿಕ್ಕಾಗಲಿಲ್ಲ. ಕೆಮ್ಮಿಬಿಟ್ಟೆ.

ಫಾದರ್ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿದರು. “ಆಮೆನ್” ಅಂದು ಹೋಗಿ ಕೂತರು.

ಯೇಸು ಏನು ಹೇಳಿದರು ಅಂತ ಆ ಅಜ್ಜಿ ಇವತ್ತಿಗೂ ನನ್ನನ್ನ ದಾರೀಲಿ ನಿಲ್ಲಿಸಿ ಕೇಳ್ತಾಳೆ. ಇದರಾಗೆ ಒಂದಕ್ಷರ ಸುಳ್ಳಿಲ್ಲ ಕಣ್ರೀ... ಹೇಳಿ ಹೇಳಿ ಗಂಟಲು ಒಣಗಿತು. ನನ್ನ ಟೀ ದುಡ್ಡೂ ನೀವೇ ಕೊಟ್ಬಿಡ್ರಿ.