ಬೀರುವಿನೊಳಗೆ ಅತ್ತೆ ಕತೆ

ಫೋನನ್ನು ಬಾಲ್ಕನಿಗೆ ತಂದು ಮಾತಾಡಿದ್ದೇ ತಪ್ಪಾಯಿತು.

"ಆಗಲಿ ಸಾರ್, ಸಂಜೆ ಆರರೊಳಗೆ ಅತ್ತೆ ಕತೆ ಮುಗಿಸಿಬಿಡ್ತೀನಿ. ಸಂಜೆ ಆರರೊಳಗೆ ಅತ್ತೆ ಕತೆ ಮುಗಿಸಿಬಿಡ್ತೀನಿ," ಎಂದ ಅನೌನ್ಸರ್.

ಹನ್ನೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವನು ಅವನು. ಯಾವುದನ್ನೂ ಎರಡು ಸಲ ಹೇಳದಿದ್ದರೆ ಹೇಳಿದ ಸಮಾಧಾನವೇ ಇರುತ್ತಿರಲಿಲ್ಲ. ಆರು ತಿಂಗಳ ಹಿಂದೆ ಆ ಕುರ್ಚಿಯಲ್ಲಿ ಯಂತ್ರವೊಂದು ಬಂದು ಕೂತಿತು. ಈಗ ಕತೆ ಓದಿ ಕೇಳಿಸುವ ಕಂಪನಿಯೊಂದು 'ಅತ್ತೆ' ಎಂಬ ಕತೆ ಕಳಿಸಿ, ಇವತ್ತೇ ಓದಿ ಕಳಿಸಿ, ಧ್ವನಿ ಹಿಡಿಸಿದರೆ ಕೆಲಸ ನಿಮ್ಮದು ಎಂದಿತ್ತು. ಆರು ದಾಟಿದರೆ ಬೇರೆಯವರ ಪಾಲು.

ಮನೆಯಲ್ಲಿ ಅವನು ಈ ಸುದ್ದಿ ಹೇಳಿರಲಿಲ್ಲ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅತ್ತೆಗೆ ಹೇಳಿ ಕೆಲಸ ಸಿಗದೆ ಹೋದರೆ? "ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು" ಎಂದು ಈಗಾಗಲೇ ದಿನಕ್ಕೆ ಮೂರು ಹೊತ್ತು ಗೋಡೆಗೆ ಹೇಳುತ್ತಿದ್ದರು.

ಪಕ್ಕದ ಬಾಲ್ಕನಿಯಲ್ಲಿ ಗುಂಡಿ ಹಚ್ಚುತ್ತಿದ್ದ ಟೈಲರಮ್ಮನ ಸೂಜಿ ನಿಂತಿತು. ಅವಳು ಎದ್ದವಳೇ ಕೆಳಮನೆಯ ರಿಟೈರ್ಡ್ ಪೇದೆಯ ಬಾಗಿಲು ಬಡಿದಳು.

"ಅತ್ತೆ ಕತೆ ಮುಗಿಸ್ತಾನಂತೆ ಸಾರ್!"

"ಬಾಯಿ ತಪ್ಪಿ ಅಂದಿರ್ತಾನೆ ಬಿಡಮ್ಮ."

"ಒಂದು ಸಲ ಅಂದ್ರೆ ಬಾಯಿ ತಪ್ಪಿ. ಎರಡು ಸಲ ಅಂದ!"

ಪೇದೆ ಮೀಸೆ ಸವರಿಕೊಂಡ. ಒಂಬತ್ತು ವರ್ಷದಿಂದ ಅವನಿಗೆ ಒಂದು ಕೇಸೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಅನೌನ್ಸರ್ ತಾನಾಗಿಯೇ ಟೈಲರಮ್ಮನ ಮನೆಗೆ ಬಂದ. "ಚಿಂದಿ ಬಟ್ಟೆ ಇದ್ರೆ ಒಂದು ಮೂಟೆ ಕೊಡಿ ಅಕ್ಕ. ಅಳತೆ ಟೇಪೂ ಬೇಕು. ಮರದ ಬೀರುವಿನೊಳಗೆ ಒಬ್ಬರು ಕೂರೋ ಹಾಗಾಗಬೇಕು. ಒಳಗೆ ಎಷ್ಟು ಕೂಗಿದ್ರೂ ಹೊರಗೆ ಪಿಟ್ ಅನ್ನಬಾರದು. ಪಿಟ್ ಅನ್ನಬಾರದು."

"ಯಾಕಪ್ಪಾ?"

"ಸಂಜೆ ಎಲ್ಲರಿಗೂ ಗೊತ್ತಾಗುತ್ತೆ."

ಸುದ್ದಿ ಪೇದೆಗೂ, ಪೇದೆಯಿಂದ ಅತ್ತೆಗೂ ಮುಟ್ಟಿತು. ಅತ್ತೆ ಮೊದಲು ನಂಬಲಿಲ್ಲ. ಆದರೆ ಅಳಿಯ ಬೀರುವಿನ ಹಲಗೆ ಕಿತ್ತು, ಅಟ್ಟದ ಮೇಲಿದ್ದ ಅವರದೇ ಹಳೇ ಹಾಸಿಗೆಯನ್ನು ಒಳಗೆ ಬಡಿಯುವುದನ್ನು ಕಂಡರು. ಆಮೇಲೆ ಹುಟ್ಟಿದಾರಭ್ಯ ಒಲೆ ಹಚ್ಚದವನು ಟೀ ಮಾಡಿ ತಂದ.

"ಇದನ್ನ ಕುಡಿದು ಹಾಯಾಗಿ ಮಲಗಿಬಿಡಿ ಅತ್ತೆ. ಹಾಯಾಗಿ ಮಲಗಿಬಿಡಿ."

"ಮೊದಲು ನೀವು ಕುಡೀರಿ ಅಳಿಯಂದ್ರೇ," ಎಂದರು ಅತ್ತೆ, ಲೋಟ ಮುಟ್ಟದೆ.

ಅವನು ಅವಸರದಲ್ಲಿ ಗಟಗಟ ಕುಡಿದುಬಿಟ್ಟ. ಟೀಯಲ್ಲಿ ಏನೂ ಇಲ್ಲವೆಂದರೆ ಎಲ್ಲ ಬೀರುವಿನಲ್ಲೇ ಎಂದು ಅತ್ತೆಗೆ ಅನುಮಾನ ಇನ್ನೂ ಬಲವಾಯಿತು.

ಐದು ಗಂಟೆಗೆ ಅವನು ಬೀರುವಿನೊಳಗೆ ಕೂತು, ಬಾಗಿಲೆಳೆದುಕೊಂಡು, ಬೆವರಿಳಿಸುತ್ತಾ ಓದತೊಡಗಿದ. ಹೊರಗೆ ಒಂದು ಸದ್ದಿಲ್ಲ. ಐದೂವರೆ ದಾಟಿದ ಮೇಲೆ ಅತ್ತೆ ಮೆಲ್ಲಗೆ ಮನೆಬಾಗಿಲು ತೆಗೆದು ಟೈಲರಮ್ಮ, ಪೇದೆ ಇಬ್ಬರನ್ನೂ ಒಳಗೆ ಕರೆದರು. ಪೇದೆ ಬೀರುವಿಗೆ ಕಿವಿಯಿಟ್ಟ.

"ಏನೂ ಕೇಳಿಸ್ತಿಲ್ಲ. ಭಾರೀ ತಯಾರಿ ಮಾಡಿದ್ದಾನೆ," ಎಂದು ಪಿಸುಗುಟ್ಟಿ ಬಾಗಿಲನ್ನು ಎಳೆದೇಬಿಟ್ಟ.

ಹಾಸಿಗೆ, ಚಿಂದಿ, ಅನೌನ್ಸರ್, ಎಲ್ಲವೂ ಒಟ್ಟಿಗೆ ನೆಲಕ್ಕೆ ಬಿದ್ದವು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಬದುಕಿರುವಾಗಲೇ ನನಗೆ ಪೆಟ್ಟಿಗೆ ಮಾಡಿದ್ರಾ ಅಳಿಯಂದ್ರೇ? ಅದಕ್ಕೂ ನನ್ನ ಹಾಸಿಗೆಯೇ ಬೇಕಾಯ್ತಾ?"

ಅಲ್ಲಿಂದ ಕಾಲು ಗಂಟೆ ಅವರದೇ ಮಾತು. ಅತ್ತರು, ಗುಡುಗಿದರು, ತೀರಿಹೋದ ಗಂಡನನ್ನು ಕರೆದು ಸಾಕ್ಷಿ ಕೇಳಿದರು. ಟೈಲರಮ್ಮ ಕಣ್ಣೊರೆಸಿಕೊಂಡಳು, ಪೇದೆಯೂ ಮೂಗೆಳೆದುಕೊಂಡ. ಕೊನೆಗೂ ಅನೌನ್ಸರ್ ಕಾಗದ ತೋರಿಸಿ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಆರಕ್ಕೆ ಎರಡೇ ನಿಮಿಷ. ಬೀರುವಿನೊಳಗೆ ಫೋನು ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು. ಕತ್ತರಿಸಲು ಪುರುಸೊತ್ತಿಲ್ಲ, ದೇವರಿದ್ದಾನೆ ಎಂದು ಇದ್ದಂತೆಯೇ ಕಳಿಸಿಬಿಟ್ಟ.

ಏಳಕ್ಕೆ ಕಂಪನಿಯಿಂದ ಫೋನು.

"ಕೊನೆಯಲ್ಲಿ ಬರೋ ಆ ಹೆಂಗಸು ಯಾರ್ರೀ? ಏನು ಗಂಟಲು! ಏನು ಏರಿಳಿತ! ಕೆಲಸ ಅವರಿಗೇ. ನಾಳೆಯಿಂದಲೇ ಶುರು ಮಾಡಲಿ."

"ನಾನು ಓದಿದ್ದು ಸಾರ್?"

"ಚೆನ್ನಾಗಿದೆ. ಕೇಳ್ತಾ ಕೇಳ್ತಾ, ಬಸ್ ಬಂತೇನೋ ಅಂತ ನಾನು ಎದ್ದು ಬ್ಯಾಗ್ ಹಿಡ್ಕೊಂಡೆ."

ಅನೌನ್ಸರ್ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. "ನನಗೆ ಏನಾದರೂ ಸಣ್ಣದು..."

"ಇದೆಯಲ್ಲ! ಈ ಕತೆಯನ್ನ ನಾಟಕದ ಹಾಗೆ ಪಾತ್ರ ಹಂಚಿ ಮಾಡ್ತಿದ್ದೀವಿ. ಅಳಿಯನ ಪಾತ್ರ ನೀವೇ ಇಟ್ಕೊಳ್ಳಿ. ಆದ್ರೆ ಒಂದು ವಿಷಯ, ಕತೆ ಪೂರ್ತಿ ಅವನು ಬಾಯೇ ಬಿಡಲ್ಲ."